ಗರಿಯಜ್ಜನನ್ನು ಕಳಿಸಿಕೊಟ್ಟ ಪದ

ನಾಲ್ಕನೆಯ ಸಂಪುಟದಲ್ಲೂ ಒಬ್ಬ ಅಜ್ಜ ಸಾಯುತ್ತಾನೆ ಅನ್ನುವುದು ಓದುಗಿತ್ತಿಗೆ ಹಾಳೆ ತಿರುವುವ ಮೊದಲೇ ಗೊತ್ತಿತ್ತು. ಹಿಂದಿನ ಮೂರರಲ್ಲೂ ಒಬ್ಬೊಬ್ಬ ಸತ್ತಿದ್ದ. ನಟ್ಟನಡು ಕಾಡು, ಅಲ್ಲಿ ತಲೆಗೆ ಗರಿ ಸಿಕ್ಕಿಸಿಕೊಂಡ ಜನ, ಆ ಜನರಲ್ಲಿ ಎಲ್ಲ ಬಲ್ಲ ಒಬ್ಬ ಅಜ್ಜ. ದಾರಿ ತಪ್ಪಿ ಬಂದ ರಾಜಕುಮಾರನಿಗೆ ಅವನು ಒಂದು ಬೇರು ತೇದು ಕುಡಿಸುತ್ತಾನೆ, ಒಗಟಿನಂಥ ಒಂದು ಮಾತು ಹೇಳುತ್ತಾನೆ, ಅಜ್ಜಂದಿರ ಕಾಲದ ಕತ್ತಿಯೊಂದನ್ನು ಕೈಗಿಡುತ್ತಾನೆ, ಆಮೇಲೆ ರಾಜಕುಮಾರನಿಗೆ ತಾಗಬೇಕಿದ್ದ ಬಾಣಕ್ಕೆ ತನ್ನ ಎದೆ ಒಡ್ಡಿ ಕಣ್ಣು ಮುಚ್ಚುತ್ತಾನೆ. ರಾಜಕುಮಾರ ಎರಡು ಹನಿ ಕಣ್ಣೀರು ಸುರಿಸಿ ಕುದುರೆ ಹತ್ತುತ್ತಾನೆ. ಹೆಣ ಅಲ್ಲೇ ಬಿದ್ದಿರುತ್ತದೆ. ಕಥೆ ಮುಂದೆ ಹೋಗುತ್ತದೆ.

ಕಣ್ಣಿಗೆ ಪುರುಸೊತ್ತಿಲ್ಲದವರು ಕಿವಿಯಲ್ಲಿ ಕೇಳುವ ಪುಸ್ತಕಗಳಿಗೆ ದನಿ ಕೊಡುವುದು ಓದುಗಿತ್ತಿಯ ಹೊಟ್ಟೆಪಾಡು. ಹಳೆಯ ಕಟ್ಟಡದ ಮೇಲಿನ ಮಹಡಿಯಲ್ಲಿ ಒಂದು ಗಾಜಿನ ಕೋಣೆ. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು ಮೆತ್ತಿದ್ದರು. ಫ್ಯಾನು ಹಾಕುವಂತಿಲ್ಲ, ಅದರ ಸದ್ದು ಮೈಕಿಗೆ ಬೀಳುತ್ತದೆ. ಬಳೆ ಹಾಕುವಂತಿಲ್ಲ, ಗರಿಗರಿ ಬಟ್ಟೆ ಉಡುವಂತಿಲ್ಲ. ಹೊಟ್ಟೆ ಗುರುಗುಟ್ಟಿದರೂ ಮೈಕಿಗೆ ಕೇಳಿಸುತ್ತದೆ ಅಂತ ಒಳಗೆ ಹೋಗುವ ಮುಂಚೆ ಎರಡು ಬಿಸ್ಕತ್ತು ತಿಂದು ಹೋಗಬೇಕು. ಗಾಜಿನ ಆಚೆ ಕೂತು ಯಂತ್ರ ನೋಡಿಕೊಳ್ಳುವವನನ್ನು ಎಲ್ಲರೂ ಶ್ಶಣ್ಣ ಅನ್ನುತ್ತಿದ್ದರು. ಯಾರು ಏನು ಮಾಡಿದರೂ ಅವನ ಬಾಯಿಂದ ಮೊದಲು ಹೊರಡುವುದು 'ಶ್ಶ್'. ಹೆಂಡತಿ ಹಾಲು ತಗೊಂಡು ಬನ್ನಿ ಅಂದರೂ ಶ್ಶ್ ಅಂತಾನಂತೆ ಅಂತ ತಮಾಷೆ ಮಾಡಿದರೆ, ಅವನು ಅದಕ್ಕೂ ಬೆರಳನ್ನು ತುಟಿಗೆ ಇಡುತ್ತಿದ್ದ.

ಆ ಕೋಣೆಯಲ್ಲಿ ಓದುಗಿತ್ತಿಗೆ ಎಲ್ಲಕ್ಕಿಂತ ಕಷ್ಟವಾಗಿದ್ದು ಕಾಡುದನಿ. ಮೊದಲ ಸಂಪುಟದಲ್ಲೇ ಮೇಡಂ ಅದನ್ನು ಕೇಳಿದ್ದರು. ಮೇಡಂ ಅಂದರೆ ಈ ಪುಸ್ತಕಗಳನ್ನು ಓದಿಸುವವರು, ಯಾವ ಪಾತ್ರ ಹೇಗೆ ಮಾತಾಡಬೇಕು ಅಂತ ತೀರ್ಮಾನ ಮಾಡುವವರು. "ಗರಿಯವರು ಮಾತಾಡುವಾಗ ದನಿ ಹೊಟ್ಟೆಯಿಂದ ಬರಲಿ. ಒರಟಾಗಿ. ಸ್ವಲ್ಪ ಗುರುಗುಟ್ಟಿದ ಹಾಗೆ. ನೀವು ಹೇಗೂ ಗುಡ್ಡದ ಕಡೆಯವರು, ನಿಮಗೆ ಸಹಜವಾಗಿ ಬರುತ್ತೆ" ಅಂದಿದ್ದರು.

ಓದುಗಿತ್ತಿ ಗುಡ್ಡದವಳು ಹೌದು. ಆದರೆ ಗುಡ್ಡದಿಂದ ಕೆಳಗಿಳಿದದ್ದು ಅವಳ ಅಜ್ಜಿಯ ಕಾಲದಲ್ಲಿ. ಇವಳು ಹುಟ್ಟಿದ್ದು ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ. ಕಾಡನ್ನು ಕಂಡದ್ದು ಬಸ್ಸಿನ ಕಿಟಕಿಯಿಂದ. ಅವಳ ಮನೆಯಲ್ಲಿ ಯಾರೂ ಗುರುಗುಟ್ಟಿದವರಲ್ಲ. ಆದರೂ ಆವತ್ತು 'ಆಗಲಿ ಮೇಡಂ' ಅಂದಳು. ಅಂದದ್ದು ಕೊರಳಿಗೆ ಸುತ್ತಿಕೊಂಡಿತು. ಗರಿಯವರ ಅಜ್ಜನಿಗೂ ಅದೇ ದನಿ, ಹುಡುಗಿಗೂ ಅದೇ, ಮಗುವಿಗೂ ಅದೇ. 'ಗರಿಯವ ಹಸಿವು. ಗರಿಯವ ಬೇಟೆ. ಗರಿಯವ ನಿನ್ನ ಮಿತ್ರ.' ಇಡೀ ಜನಕ್ಕೆ ಒಂದು ಪೂರ್ತಿ ವಾಕ್ಯ ಬರುತ್ತಿರಲಿಲ್ಲ. ಇಷ್ಟು ಓದುವಷ್ಟರಲ್ಲಿ ಗಂಟಲು ಉಪ್ಪುಕಾಗದ ಹಾಕಿ ಉಜ್ಜಿದ ಹಾಗಾಗುತ್ತಿತ್ತು. ಡಾಕ್ಟರು ಇಣುಕಿ ನೋಡಿ, ಕೆಲಸ ಬಿಟ್ಟು ಬೇರೆ ಹೊತ್ತಿನಲ್ಲಿ ದನಿ ಎತ್ತಲೇಬೇಡಿ, ಪಿಸುಮಾತೂ ಬೇಡ ಅಂದಿದ್ದರು.

ಹಾಗಾಗಿ ಮನೆಗೆ ಬಂದರೆ ಅವಳ ಬಾಯಿಗೆ ಬೀಗ. ಮನೆಯಲ್ಲಿದ್ದದ್ದು ದೊಡ್ಡಮ್ಮ ಒಬ್ಬಳೇ, ಅಮ್ಮನ ಅಕ್ಕ. ದೊಡ್ಡಮ್ಮನಿಗೆ ಕಣ್ಣು ಮಂಜಾಗಿತ್ತು. ಬೆಳಕು ಯಾವ ಕಡೆ, ಬಾಗಿಲು ಯಾವ ಕಡೆ ಅಂತ ಗೊತ್ತಾಗುತ್ತಿತ್ತು, ಅಷ್ಟೆ. ಓದುಗಿತ್ತಿ ತಲೆ ಅಲ್ಲಾಡಿಸಿದರೆ ಅದು ಅವಳಿಗೆ ಕಾಣುವುದಿಲ್ಲ. "ಇದೀಯಾ ಮಗಳೇ?" ಅಂತ ಕೇಳುವಳು. ಓದುಗಿತ್ತಿ ಬೆರಳಿಂದ ಮೇಜಿಗೆ ಟಕ್ ಅನ್ನಿಸುವಳು. "ಇದೀಯ. ಸರಿ ಬಿಡು. ಮರಕುಟಿಗ ಸಾಕ್ಕೊಂಡ ಹಾಗಾಯ್ತು."

ಈ ಇಬ್ಬರ ನಡುವೆ ಒಂದು ಕೆಲಸ ಬಾಕಿ ಇತ್ತು. ಅದನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ, ಆದರೆ ಅದು ಮನೆಯೊಳಗೆ ಮೂರನೆಯವರ ಹಾಗೆ ಕೂತಿತ್ತು.

ಗುಡ್ಡದವರಲ್ಲಿ ಯಾರಾದರೂ ತೀರಿಕೊಂಡರೆ ಕಳಿಸುವ ಪದ ಹೇಳುತ್ತಾರೆ. ದೊಡ್ಡ ಪದವೇನಲ್ಲ. ಸ್ವರ್ಗ, ಹೊನ್ನಿನ ಬಾಗಿಲು ಅಂತೆಲ್ಲ ಅದರಲ್ಲಿ ಬರುವುದಿಲ್ಲ. ಸತ್ತವರು ಬಿಟ್ಟುಹೋದ ಕೆಲಸಗಳನ್ನು ಒಂದೊಂದಾಗಿ ಹೇಳಿ, ಇದು ಆಯಿತು, ನೀ ಹೊರಡು. ಅದೂ ಆಯಿತು, ನೀ ಹೊರಡು ಅನ್ನುವುದು. ಒಂದೊಂದು ಸಾಲಿಗೂ ಇನ್ನೊಬ್ಬರು ಸತ್ತವರ ಪರವಾಗಿ 'ಹೂಂ' ಅನ್ನಬೇಕು. ಹೂಂ ಬಾರದೆ ಮುಂದಿನ ಸಾಲಿಗೆ ಹೋಗುವಂತಿಲ್ಲ. ಮತ್ತೆ, ಆಗದ ಕೆಲಸವನ್ನು ಆಯಿತು ಅನ್ನುವಂತಿಲ್ಲ. ಸುಳ್ಳು ಸಾಲಿಗೆ ಹೂಂ ಅಂದರೆ ಹೋದ ಜೀವ ಅರ್ಧ ದಾರಿಯಿಂದ ಹಿಂದಿರುಗಿ ನೋಡುತ್ತದೆ ಅಂತ ಅವರ ನಂಬಿಕೆ. ಪದದ ಕೊನೆಯ ಹೂಂ ಆದ ಮೇಲೆ ದೇವರು ಕೈ ಹಿಡಿದು ಕರೆದುಕೊಂಡು ಹೋಗುತ್ತಾನೆ, ಅಲ್ಲಿವರೆಗೂ ಹೊಸ್ತಿಲಲ್ಲೇ ಕಾಯುತ್ತಾನೆ ಅನ್ನುವಳು ದೊಡ್ಡಮ್ಮ.

ಓದುಗಿತ್ತಿಯ ಅಮ್ಮ ತೀರಿಕೊಂಡದ್ದು ಆಸ್ಪತ್ರೆಯ ದೊಡ್ಡ ವಾರ್ಡಿನಲ್ಲಿ. ದೊಡ್ಡಮ್ಮ ಮಂಚದ ಪಕ್ಕ ನಿಂತು ಬಾಯಿ ತೆರೆದಳು. ಬೇರೆಯವರು ಮಲಗಿದಾರೆ ಅಂತ ನರ್ಸು ಮೆಲ್ಲಗೆ ಅವಳ ಭುಜ ಮುಟ್ಟಿದಳು. ತೆರೆದ ಬಾಯಿ ಮುಚ್ಚಿತು. ಆಮೇಲೆ ಮನೆಯಲ್ಲಿ ಹೇಳಬಹುದಿತ್ತು, ಆದರೆ ಹೂಂ ಅನ್ನಲು ಇದ್ದದ್ದು ಓದುಗಿತ್ತಿ ಒಬ್ಬಳೇ. ಇವತ್ತು ಗಂಟಲಿಲ್ಲ ದೊಡ್ಡಮ್ಮ; ಈ ವಾರ ಬೇಡ; ಈ ಪುಸ್ತಕ ಮುಗೀಲಿ. ಒಂದು ಪುಸ್ತಕ ಮುಗಿದರೆ ಇನ್ನೊಂದು ಬರುತ್ತಿತ್ತು. ದೊಡ್ಡಮ್ಮ ಕೇಳುವುದನ್ನು ಬಿಟ್ಟಳು. ಕೇಳದೇ ಇದ್ದದ್ದೇ ಹೆಚ್ಚು ಭಾರವಾಗಿತ್ತು.

ದೊಡ್ಡಮ್ಮ ಹಗಲೆಲ್ಲ ಈ ಪುಸ್ತಕಗಳನ್ನೇ ಕೇಳುವಳು. ಫೋನನ್ನು ಸ್ಟೀಲಿನ ಚೊಂಬಿನೊಳಗೆ ಇಟ್ಟರೆ ದನಿ ದೊಡ್ಡದಾಗುತ್ತದೆ ಅಂತ ತಾನೇ ಕಂಡುಕೊಂಡಿದ್ದಳು. ಚೊಂಬಿನಿಂದ ಗರಿಯವರು ಗುರುಗುಟ್ಟುವರು.

"ಅಲ್ಲಾ, ಇವರಲ್ಲಿ ಅತ್ತೆ ಸೊಸೆ ಅಂತ ಯಾರೂ ಇಲ್ವಾ? ಒಂದು ಜಗಳ ಇಲ್ಲ, ಒಂದು ನೆಗಡಿ ಇಲ್ಲ. ಹಗಲೂ ರಾತ್ರಿ ಬೆಂಕಿ ಸುತ್ತ ಕುಣೀತಾರಲ್ಲ, ಬೆಳಿಗ್ಗೆ ಪಾತ್ರೆ ತೊಳೆಯೋರು ಯಾರು?"

ಮೊದಲ ಸಂಪುಟ ಬಂದಾಗ ಅಮ್ಮ ಇನ್ನೂ ಇದ್ದಳು. ಹೊಲಿಗೆ ಯಂತ್ರ ತುಳಿಯುತ್ತ ಕೇಳಿದವಳು, "ಬರಿ ಮೈಗೆ ಗರಿ ಚುಚ್ಚಲ್ವಾ ಪಾಪ? ಯಾರಾದ್ರೂ ಆ ಮುದುಕನಿಗೆ ಒಂದು ಅಂಗಿ ಹೊಲ್ಕೊಡಬಾರದಾ?" ಅಂದಿದ್ದಳು. ಅದಾದ ಮೇಲೆ ಅಕ್ಕತಂಗಿ ಇಬ್ಬರೂ ನಕ್ಕ ನಗು ಪಕ್ಕದ ಮನೆಯವರೆಗೂ ಹೋಗಿತ್ತು.

ನಾಲ್ಕನೆಯ ಸಂಪುಟದ ಅಜ್ಜನ ಸಾವಿನ ಅಧ್ಯಾಯ ಬಂದ ದಿನ ಕೆಲಸ ಮುಂದಕ್ಕೆ ಹೋಗಲಿಲ್ಲ. ಅಜ್ಜ ಸತ್ತ ಮೇಲೆ ಗರಿಯವರೆಲ್ಲ ಹಾಡಬೇಕಿತ್ತು. ಪುಸ್ತಕದಲ್ಲಿ 'ಬೂರಾ ಗೂರಾ ಬೂರಾ' ಅಂತ ಅರ್ಧ ಪುಟ ಬರೆದಿತ್ತು. ಓದುಗಿತ್ತಿ ನಾಲ್ಕು ಥರ ಓದಿದಳು. ಶ್ಶಣ್ಣ ಹೆಡ್‌ಫೋನು ತೆಗೆದು ಕಿವಿ ಉಜ್ಜಿಕೊಂಡ.

ಮೇಡಂ ಹಣೆ ಹಿಡಿದುಕೊಂಡು ಕೂತಿದ್ದರು. ಅವರಿಗೂ ಮೇಲಿನವರು ಇದ್ದರು, ಅವರ ಕಣ್ಣ ಕೆಳಗೂ ಕಪ್ಪು ಕಟ್ಟಿತ್ತು. "ಇದು ಮಕ್ಕಳ ಆಟದ ಥರ ಆಗ್ತಿದೆ. ನಿಮ್ಮ ಕಡೆ ಸತ್ತಾಗ ಏನಾದರೂ ಹಾಡ್ತಾರಾ? ನಿಜವಾದ್ದು ಏನಾದರೂ?"

ಇಲ್ಲ ಅಂದುಬಿಡಬೇಕು ಅಂತ ಓದುಗಿತ್ತಿಯ ಬಾಯಿಗೆ ಬಂದಿತ್ತು. ಇಲ್ಲ ಅನ್ನುವುದಕ್ಕೂ ದನಿ ಬೇಕಲ್ಲ. "ದೊಡ್ಡಮ್ಮನನ್ನ ಕೇಳ್ತೀನಿ" ಅಂತ ಸಣ್ಣಗೆ ಅಂದು ಚೀಲ ಹೆಗಲಿಗೇರಿಸಿದಳು. ದೊಡ್ಡಮ್ಮ ಬೇಡ ಅಂತಾಳೆ, ಅಲ್ಲಿಗೆ ಮುಗೀತು ಅಂದುಕೊಂಡೇ ಮೆಟ್ಟಿಲು ಇಳಿದಳು.

ಆದರೆ ದೊಡ್ಡಮ್ಮ ನೆಟ್ಟಗೆ ಎದ್ದು ಕೂತಳು. "ಬರ್ತೀನಿ. ಯಾವಾಗ?"

"ದೊಡ್ಡಮ್ಮ, ಅದು ಕಥೆಪುಸ್ತಕ. ಆ ಗರಿಯವರ ಬಾಯಿಗೆ ನಮ್ಮ ಪದ ಹಾಕೋದಾ?"

"ಅವರ ಬಾಯಿಗಲ್ಲ. ಆ ಮುದುಕನಿಗೆ. ನಾಲ್ಕು ಜನ ಸತ್ತರಲ್ಲೇ, ಒಬ್ಬನಿಗಾದರೂ ನೀ ಹೊರಡು ಅಂದೋರು ಇದಾರಾ? ಎಲ್ಲ ಹೊಸ್ತಿಲಲ್ಲೇ ನಿಂತಿರ್ತಾರೆ. ನನಗೆ ಕೇಳಿ ಕೇಳಿ ಸಂಕಟ ಆಗ್ತದೆ." ಆಮೇಲೆ ಕೇಳಿದಳು: "ಅಲ್ಲಿ ಹೂಂ ಅನ್ನೋರು ಯಾರು?"

ಓದುಗಿತ್ತಿ ಮೇಜಿಗೆ ಟಕ್ ಅನ್ನಿಸಲಿಲ್ಲ. "ನಾನೇ" ಅಂದಳು.

"ಹಾಗಾದರೆ ಅವನಿಗೆ ಏನೇನು ಕೆಲಸ ಬಾಕಿ ಇತ್ತು, ನೋಡಿ ಹೇಳು."

ಓದುಗಿತ್ತಿ ಹಾಳೆ ತಿರುವಿದಳು. ಗರಿಯಜ್ಜನಿಗೆ ಮನೆ ಇರಲಿಲ್ಲ, ಗುಹೆ ಇತ್ತು. ಗುಹೆಯಲ್ಲಿ ಸೋರುವ ಜಾಗ ಇರಲಿಲ್ಲ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಯಾರಿಂದಲೋ ತಂದ ಪಾತ್ರೆ ಹಿಂದಿರುಗಿಸುವುದೂ ಇಲ್ಲ. ಇದ್ದದ್ದು ಒಂದು ಕೋಲು, ಹೆಗಲ ಮೇಲೆ ಒಂದು ಗೂಬೆ.

"ಅಷ್ಟೇನಾ?"

"ಅಷ್ಟೇ."

"ಇಷ್ಟು ವಯಸ್ಸಾದವನಿಗೆ ಬಾಕಿ ಕೆಲಸ ಒಂದೂ ಇಲ್ವಾ? ಹಾಗಾದರೆ ಅವನು ಬದುಕಿದ್ದಾದರೂ ಯಾವಾಗ?" ದೊಡ್ಡಮ್ಮ ಗದ್ದಕ್ಕೆ ಕೈ ಕೊಟ್ಟು ಯೋಚಿಸುತ್ತ ಕೂತಳು. "ಇರಲಿ. ಗೂಬೆ ಇದೆಯಲ್ಲ, ಅಲ್ಲಿಂದ ಶುರು ಮಾಡ್ತೀನಿ."

ಮರುದಿನ ಕಟ್ಟಡದ ಮೆಟ್ಟಿಲನ್ನು ಅವಳು ಒಂದೊಂದಾಗಿ, ಕೈಗಂಬಿ ಹಿಡಿದು, ಯಾರ ಮನೆಗೋ ದೊಡ್ಡ ಕೆಲಸಕ್ಕೆ ಹೋಗುವವಳ ಗಾಂಭೀರ್ಯದಲ್ಲಿ ಹತ್ತಿದಳು. ಗಾಜಿನ ಕೋಣೆಯಲ್ಲಿ ಕೂರಿಸಿದರು. ಶ್ಶಣ್ಣ ಬಳೆ ತೆಗೆಯಿರಿ ಅಜ್ಜಿ ಅಂದ, ತೆಗೆದಳು. ಮೈಕಿನ ಮುಂದೆ ಕೈಮುಗಿದಳು.

"ಯಾರಿಗೆ ಅಜ್ಜಿ?"

"ಕೇಳೋರಿಗೆ."

ಶ್ಶಣ್ಣ ಆಚೆ ಹೋಗಿ ಕೆಂಪು ದೀಪ ಹಾಕಿದ. ದೊಡ್ಡಮ್ಮ ಒಂದು ಸಾಲು ಹೇಳಿದಳು, ನಿಂತಳು. ಯಾರೂ ಉಸಿರೆತ್ತಲಿಲ್ಲ. ಅವಳೂ ಮುಂದೆ ಹೋಗಲಿಲ್ಲ. ಶ್ಶಣ್ಣ ಕೈಸನ್ನೆ ಮಾಡಿದ, ಅವಳಿಗೆ ಕಾಣಬೇಕಲ್ಲ. ಕೊನೆಗೆ ಓದುಗಿತ್ತಿ ಬಾಗಿಲು ತೆರೆದು, "ನಾನು ಒಳಗೆ ಕೂರಬೇಕು. ನಡುನಡುವೆ ಹೂಂ ಅನ್ನಬೇಕು, ಇಲ್ಲದಿದ್ದರೆ ಆಗಲ್ಲ" ಅಂದಳು. ಒಬ್ಬರು ಮಾತಾಡುವಾಗ ಇನ್ನೊಬ್ಬರ ಸದ್ದು ಬೀಳುವುದನ್ನು ತಡೆಯಲೆಂದೇ ಹುಟ್ಟಿದ ಶ್ಶಣ್ಣ, ಕುತ್ತಿಗೆಗೆ ಚೂರಿ ಹಿಡಿಸಿಕೊಂಡವನ ಮುಖ ಮಾಡಿಕೊಂಡು ಮೇಡಂ ಕಡೆ ನೋಡಿದ. ಮೇಡಂ ಆಗಲಿ ಅಂದರು.

ಓದುಗಿತ್ತಿ ದೊಡ್ಡಮ್ಮನ ಮಂಡಿಗೆ ಮಂಡಿ ತಾಗಿಸಿ ಕೂತಳು.

"ಗೂಬೆಯನ್ನು ಮರಕ್ಕೆ ಬಿಟ್ಟಿದ್ದೇವೆ, ನೀ ಹೊರಡು."

"ಹೂಂ."

"ಕೋಲನ್ನು ಗೋಡೆಗೆ ಒರಗಿಸಿದ್ದೇವೆ, ನೀ ಹೊರಡು."

"ಹೂಂ."

ಅಲ್ಲಿಗೆ ಗರಿಯಜ್ಜನ ಬದುಕು ಮುಗಿಯಿತು. ಹೇಳಲು ಇನ್ನೇನೂ ಇರಲಿಲ್ಲ. ದೊಡ್ಡಮ್ಮ ಕತ್ತಲಲ್ಲಿ ಮನೆಯೊಳಗೆ ತಡಕಾಡುವವಳ ಹಾಗೆ ಕೈಯನ್ನು ಗಾಳಿಯಲ್ಲಿ ಆಡಿಸಿದಳು. ಆ ಕೈ ಓದುಗಿತ್ತಿಯ ಕೈಯನ್ನು ಹಿಡಿದುಕೊಂಡು ನಿಂತಿತು. ಪದವನ್ನು ನಡುವೆ ಬಿಡುವಂತಿಲ್ಲ. ಅವಳ ದನಿ ಸ್ವಲ್ಪ ತಗ್ಗಿತು.

"ಯಂತ್ರದ ಬೆಲ್ಟು ಹರಿದಿತ್ತು, ಹೊಸದು ಹಾಕಿದ್ದೇವೆ, ನೀ ಹೊರಡು."

ಅದು ಅಮ್ಮನ ಹೊಲಿಗೆ ಯಂತ್ರ. ಬೆಲ್ಟು ಹಾಕಿಸಿದ್ದು ನಿಜ. "ಹೂಂ."

"ಶಾಲೆಯ ಅಂಗಿಗೆ ಗುಂಡಿ ಬಾಕಿ ಇತ್ತು, ಹಚ್ಚಿ ಕೊಟ್ಟಿದ್ದೇವೆ, ನೀ ಹೊರಡು."

"ಹೂಂ."

"ಕನ್ನಡಕದ ಕಡ್ಡಿಗೆ ದಾರ ಸುತ್ತಿತ್ತು, ಬಿಚ್ಚದೆ ಹಾಗೇ ಇಟ್ಟಿದ್ದೇವೆ, ನೀ ಹೊರಡು."

"ಹೂಂ." ಗಂಟಲು ಉರಿಯುತ್ತಿತ್ತು. ಕಾಡುದನಿಯಲ್ಲ ಅದು, ಓದುವ ದನಿಯೂ ಅಲ್ಲ. ಎಲ್ಲಿಂದ ಬರುತ್ತಿದೆ ಅಂತ ಅವಳಿಗೇ ತಿಳಿಯಲಿಲ್ಲ. ಪಕ್ಕದ ಮನೆಯವಳ ಕತ್ತರಿ ಹಿಂದಿರುಗಿಸಿದ್ದಕ್ಕೆ ಹೂಂ ಅಂದಳು. ಮಲ್ಲಿಗೆ ಕುಂಡಕ್ಕೆ ನೀರು ಹಾಕುತ್ತಿರುವುದಕ್ಕೆ ಹೂಂ ಅಂದಳು. ಎಲ್ಲ ನಿಜ. ದೊಡ್ಡಮ್ಮ ಕೈ ಬಿಗಿಯಾಗಿ ಹಿಡಿದು ಕೊನೆಯ ಸಾಲಿಗೆ ಬಂದಳು.

"ಮಗಳು ಸುಖವಾಗಿದ್ದಾಳೆ, ನೀ ಹೊರಡು."

ಹೂಂ ಬರಲಿಲ್ಲ.

ಓದುಗಿತ್ತಿ ಬಾಯಿ ತೆರೆದಳು. ಒಂದು ಸಣ್ಣ ಸದ್ದು, ಅಷ್ಟೇ ಬೇಕಾಗಿದ್ದದ್ದು. ಸುಳ್ಳು ಸಾಲಿಗೆ ಹೂಂ ಅನ್ನುವಂತಿಲ್ಲ ಅಂತ ಅವಳೇನೂ ನೆನಪು ಮಾಡಿಕೊಳ್ಳಲಿಲ್ಲ. ಅದು ಬರಲಿಲ್ಲ, ಅಷ್ಟೆ. ದೊಡ್ಡಮ್ಮ ಕಾಯುತ್ತ ಕೂತಳು. ಗಾಜಿನಾಚೆ ಶ್ಶಣ್ಣ ಮುಗಿಯಿತು ಅಂದುಕೊಂಡು ಕೆಂಪು ದೀಪ ಆರಿಸಿದ.

ಮೇಡಂ ಒಳಗೆ ಬಂದರು. "ತುಂಬಾ ಚೆನ್ನಾಗಿ ಹೇಳಿದ್ರಿ ಅಮ್ಮ. ಆದರೆ ಇದರಲ್ಲಿ ಕಾಡು ಎಲ್ಲಿದೆ? ಗರಿಯವರಿಗೆ ಹೊಲಿಗೆ ಯಂತ್ರ ಎಲ್ಲಿಂದ ಬರುತ್ತೆ?"

"ಅಂಗಡಿಯಿಂದ" ಅಂದಳು ದೊಡ್ಡಮ್ಮ. "ನಾವೂ ಅಲ್ಲಿಂದಲೇ ತಂದದ್ದು."

ಶ್ಶಣ್ಣನಿಗೆ ನಗು ಬಂತು, ತನಗೆ ತಾನೇ ಶ್ಶ್ ಅಂದುಕೊಂಡ. ಮೇಡಂ ಓದುಗಿತ್ತಿಯನ್ನು ಬಾಗಿಲ ಹತ್ತಿರ ಕರೆದರು. "ಮಾತು ಬಳಸೋಕಾಗಲ್ಲ, ನಿಮಗೇ ಗೊತ್ತು. ಆದರೆ ಆ ಹೂಂ ಇದೆಯಲ್ಲ, ಅದರಲ್ಲಿ ಏನೋ ಇದೆ. ಮಾತು ತೆಗೆದು ಬರೀ ಹೂಂ ಜೋಡಿಸಿ ಕೆಳಗೆ ಡೋಲು ಹಾಕಿಸ್ತೀನಿ. ಮೈ ಜುಂ ಅನ್ನುತ್ತೆ. ಆಗಬಹುದಾ?"

ಆಗಲ್ಲ ಅನ್ನಬೇಕಿತ್ತು. ಅವಳೊಳಗೆ ಆ ಮಾತು ಎದ್ದೂ ಇತ್ತು, ಆದರೆ ಮೇಲೆ ಬರುವಷ್ಟು ದಾರಿ ಇರಲಿಲ್ಲ. ತಲೆ ಅಲ್ಲಾಡಿಸಿದಳು. ಅದನ್ನು ಮೇಡಂ ಹೌದು ಅಂತ ತಗೊಂಡರು. ದೊಡ್ಡಮ್ಮನಿಗೆ ಅದು ಕಾಣಲಿಲ್ಲ.

ಇಳಿಯುವಾಗ ದೊಡ್ಡಮ್ಮ ಪದದ ಸುದ್ದಿ ಎತ್ತಲಿಲ್ಲ. ಕೊನೆಯ ಮೆಟ್ಟಿಲಲ್ಲಿ ಮಾತ್ರ, "ಬಳೆ ಅಲ್ಲೇ ಬಿಟ್ಟೆ" ಅಂದಳು. ಓದುಗಿತ್ತಿ ಮತ್ತೆ ಮೇಲೆ ಹತ್ತಿ ತಂದಳು.

ಸಂಪುಟ ಹೊರಗೆ ಬಂದದ್ದು ಮಳೆ ಕಳೆದ ಮೇಲೆ. ರಜೆಯ ದಿನ, ಮಧ್ಯಾಹ್ನ. ಓದುಗಿತ್ತಿ ಚಾಪೆಯ ಮೇಲೆ ಗೋಡೆಗೆ ತಿರುಗಿ ಮಲಗಿದ್ದಳು, ನಿದ್ದೆ ಬಂದಿರಲಿಲ್ಲ. ದೊಡ್ಡಮ್ಮ ಚೊಂಬಿಗೆ ಫೋನು ಇಳಿಸಿ ಹತ್ತಿರ ಕೂತಿದ್ದಳು. ಬಾಣ ಬಂತು. ಗರಿಯಜ್ಜ ಒರಟು ದನಿಯಲ್ಲಿ 'ಗರಿಯವ ಹೋಗುತ್ತಾನೆ' ಅಂದು ಕಣ್ಣು ಮುಚ್ಚಿದ. ಡೋಲು ಶುರುವಾಯಿತು. ಡೋಲಿನ ಮೇಲೆ ಹೂಂ. ಮತ್ತೆ ಹೂಂ. ಒಂದೇ ಹೂಂ ಅನ್ನು ಹತ್ತಾರು ಬಾಯಿಗಳ ಹಾಗೆ ಹೆಣೆದಿದ್ದರು.

"ಇದು ನೀನು" ಅಂದಳು ದೊಡ್ಡಮ್ಮ.

ಓದುಗಿತ್ತಿ ನೆಲಕ್ಕೆ ಟಕ್ ಅನ್ನಿಸಿದಳು.

"ನಾನೆಲ್ಲಿ?"

"ತೆಗೆದಿದಾರೆ ದೊಡ್ಡಮ್ಮ. ನನ್ನನ್ನು ಕೇಳಿದರು. ನಾನು ಬೇಡ ಅನ್ನಲಿಲ್ಲ."

ದೊಡ್ಡಮ್ಮ ಬಯ್ಯಲಿಲ್ಲ. ಚೊಂಬಿನ ಕಡೆಗೆ ಕಿವಿ ಬಾಗಿಸಿದಳು. "ಯಾರೂ ಏನೂ ಹೇಳದೇನೇ ಹೂಂ ಹೂಂ ಅಂತಿದಾನಲ್ಲೇ. ಏನಕ್ಕೆ ಒಪ್ಕೊಂಡ ಇವನು?" ಆಮೇಲೆ ಸಹಿಸಲಾರದೆ ತಾನೇ ಆ ಸದ್ದಿನ ನಡುವೆ ಸೇರಿಸಿದಳು: "ಗೂಬೆಯನ್ನು ಮರಕ್ಕೆ ಬಿಟ್ಟಿದ್ದೇವೆ..." ಸಾಲು ಮುಗಿಯುವ ಮೊದಲೇ ಫೋನು ಹೂಂ ಅಂದಿತು. ಇನ್ನೊಂದು ಸಲ ಹೇಳಿದಳು. ಮತ್ತೆ ಮೊದಲೇ ಅಂದಿತು. "ಅವಸರದ ಮುಂಡೇದು. ಕೇಳಿಸ್ಕೊಳ್ಳೋದೇ ಇಲ್ಲ."

ಅಷ್ಟರಲ್ಲಿ ಡೋಲು ನಿಂತು ರಾಜಕುಮಾರ ಎರಡು ಹನಿ ಸುರಿಸಿದ.

"ಕುದುರೆ ಹತ್ತಿದ. ಸಾಕು, ನಿಲ್ಲಿಸು."

ಓದುಗಿತ್ತಿ ಎದ್ದು ಚೊಂಬಿನೊಳಗೆ ಕೈ ಹಾಕಿ ನಿಲ್ಲಿಸಿದಳು. ಮನೆ ಸುಮ್ಮನಾಯಿತು. ಬೀದಿಯಲ್ಲಿ ಯಾರೋ ಬಕೆಟ್ಟು ಎಳೆದ ಸದ್ದು. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು.

"ಆವತ್ತು ತಪ್ಪು ನನ್ನದು" ಅಂದಳು ದೊಡ್ಡಮ್ಮ. "ಎಲ್ಲ ಸರಿಯಾಗಿ ಹೇಳಿ ಕೊನೇ ಸಾಲನ್ನ ಚಂದಕ್ಕೆ ಹೇಳಿಬಿಟ್ಟೆ. ನೀನು ಹೂಂ ಅನ್ನದೇ ಇದ್ದದ್ದೇ ಒಳ್ಳೇದಾಯ್ತು. ಇಲ್ಲಾಂದ್ರೆ ನಿನ್ನಮ್ಮ ಅರ್ಧ ದಾರಿಯಿಂದ ವಾಪಸ್ ಬಂದು ನನ್ನ ಜುಟ್ಟು ಹಿಡೀತಿದ್ದಳು." ಅವಳು ಕೈ ಚಾಚಿದಳು. ಓದುಗಿತ್ತಿ ತನ್ನ ಕೈ ಕೊಟ್ಟಳು. ಮಂಡಿಗೆ ಮಂಡಿ ತಾಗಿತು.

"ಮಗಳಿಗೆ ದಣಿವಾಗಿದೆ, ನಾನು ಜೊತೆಗಿದ್ದೇನೆ, ನೀ ಹೊರಡು."

ಯಾರೂ ಕೆಂಪು ದೀಪ ಆರಿಸುವವರಿರಲಿಲ್ಲ. ಅದು ನಿಜವೋ ಅಲ್ಲವೋ ಅಂತ ಓದುಗಿತ್ತಿ ಒಳಗೆ ಒಮ್ಮೆ ನೋಡಿಕೊಂಡಳು.

"ಹೂಂ" ಅಂದಳು.

ದೊಡ್ಡಮ್ಮ ಅವಳ ಕೈ ಬಿಟ್ಟಳು, ಕೈಮುಗಿದಳು, ಕಣ್ಣು ಒರೆಸಿಕೊಂಡಳು. ಬಾಗಿಲ ಬೆಳಕಿನ ಕಡೆ ತಿರುಗಿ ಯಾರನ್ನೋ ಬೀದಿ ತಿರುವಿನವರೆಗೂ ನೋಡುವವಳ ಹಾಗೆ ಕೂತಳು.

"ಹೋದಳು" ಅಂದಳು ಆಮೇಲೆ. "ಆ ಗರಿಯಜ್ಜನೂ ಅವಳ ಹಿಂದೇನೇ ಹೊರಟಿರ್ತಾನೆ, ದಾರಿ ಗೊತ್ತಿಲ್ಲದವನು. ಅವಳೇನು ಬಿಡ್ತಾಳಾ? ನಡೀತಾ ನಡೀತಾನೇ ಅವನ ಅಂಗಿಗೆ ಅಳತೆ ತಗೊಂಡಿರ್ತಾಳೆ."